ದಹನ ಮೀಮಾಂಸೆ: ಮದುವೆಯನ್ನು ಡಿವಿಡಿಗೆ ಇಳಿಸುವ ಶಾಸ್ತ್ರ

ದಹನಗಳಲ್ಲಿ ಖಾಂಡವ ದಹನ, ಲಂಕಾ ದಹನ, ಕಾಮದಹನ ಎಂಬ ಮೂರು ಪ್ರಸಿದ್ಧ. ಮೂರರಲ್ಲೂ ಕೊನೆಗೆ ಸಿಗುವುದು ಬೂದಿ. ಸುಟ್ಟ ಮೇಲೆ ಬೂದಿಯ ಬದಲು ಮದುವೆ ಉಳಿಯಬೇಕೆಂಬ ನಿರೀಕ್ಷೆ ಇರುವುದು ನಾಲ್ಕನೆಯದಾದ ಡಿವಿಡಿ ದಹನದಲ್ಲಿ, ಅಂದರೆ ‘ಬರ್ನಿಂಗ್’ನಲ್ಲಿ, ಮಾತ್ರ. ಪ್ರಾಚೀನ ಶಾಸ್ತ್ರಕಾರರು ಈ ವಿಷಯದಲ್ಲಿ ಮೌನ ವಹಿಸಿದ್ದಾರೆ. ಜಪಾನಿನ ಅಂಗಡಿಗಳಿಗೆ 1996ರಲ್ಲಿ ಬಂದ ವಸ್ತುವಿನ ಬಗ್ಗೆ ಅವರು ಬರೆಯದೇ ಹೋದದ್ದನ್ನು ದೊಡ್ಡ ತಪ್ಪೆಂದು ಎಣಿಸಲಾಗದು. ಆ ಕೊರತೆ ತುಂಬಲು ಹೊರಟ ಈ ಪ್ರಬಂಧಕ್ಕೆ ದೇಶ, ಬೆಂಗಳೂರು–ಮೈಸೂರು ಸೀಮೆಯ ಕಲ್ಯಾಣ ಮಂಟಪ. ಕಾಲ, ಮಿನಿ ಡಿವಿ ಕ್ಯಾಸೆಟ್ಟಿನ ಕ್ಯಾಮೆರಾಗಳು ಛತ್ರದಿಂದ ಛತ್ರಕ್ಕೆ ತಿರುಗುತ್ತಿದ್ದ 2000ದ ದಶಕ.

ಮೊದಲ ಸೂತ್ರ: ತಟ್ಟೆ ಹಿಗ್ಗದು.

ಭಾಷ್ಯ. ತಟ್ಟೆ ಎಂದರೆ 12 ಸೆಂಟಿಮೀಟರ್ ಅಗಲದ ಡಿಸ್ಕು. ಅದರ ಡಬ್ಬಿಯ ಮೇಲೆ 4.7 ಜಿಬಿ ಎಂದು ಅಚ್ಚಾಗಿರುತ್ತದೆ. ಕಂಪ್ಯೂಟರಿಗೆ ಹಾಕಿದರೆ 4.37 ಎಂದು ಕಾಣುತ್ತದೆ. ನಡುವಿನ ಚೂರನ್ನು ಅಂಗಡಿಯವನು ನುಂಗಿದ್ದಾನೆಂಬ ವಾದವನ್ನು ವಿದ್ವಾಂಸರು ಒಪ್ಪುವುದಿಲ್ಲ. ಹಳೆ ಮೈಸೂರಿನಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಎರಡಿದ್ದ ಹಾಗೆ ಇಲ್ಲೂ ಎರಡು ಅಳತೆ. ಡಬ್ಬಿಯದು ಸಾವಿರದ ಲೆಕ್ಕ, ಕಂಪ್ಯೂಟರಿನದು 1024ರ ಲೆಕ್ಕ. ಒಳಗಿನ ಅಕ್ಕಿ ಅಷ್ಟೇ.

ಈಗ ಮದುವೆಯ ಕಡೆಗೆ. ಮಿನಿ ಡಿವಿ ಕ್ಯಾಸೆಟ್ಟಿನ ಒಂದು ಗಂಟೆಯನ್ನು ಕಂಪ್ಯೂಟರಿಗೆ ಇಳಿಸಿದರೆ ಸುಮಾರು 13 ಜಿಬಿ ಆಗುತ್ತದೆ. ಮೂರು ಕ್ಯಾಸೆಟ್ಟಿನ ಮದುವೆ ಎಂದರೆ 39. ಹಂಡೆಯ ನೀರು ತಂಬಿಗೆಗೆ ಇಳಿಯಬೇಕು. ತಟ್ಟೆಯ 4.7 ಜಿಬಿಯನ್ನು ಬಿಟ್ಟುಗಳಿಗೆ ಬಿಡಿಸಿದರೆ 37,600 ಮೆಗಾಬಿಟ್. ಅದನ್ನು ಮದುವೆಯ ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಬಿಟ್‌ರೇಟ್ ಸಿಗುತ್ತದೆ. ಒಂದು ಗಂಟೆಯ ಮದುವೆಗೆ 10.4, ಡಿವಿಡಿ ಚಿತ್ರಕ್ಕೆ ಕಟ್ಟಿರುವ ಮಿತಿಯೇ 9.8 ಆದ್ದರಿಂದ ಅಂಥ ಮದುವೆಗೆ ಚಿಂತೆಯಿಲ್ಲ, ಅಂಥ ಮದುವೆಯೂ ಇಲ್ಲ. ಎರಡು ಗಂಟೆಗೆ 5.2. ಮೂರಕ್ಕೆ ಮೂರೂವರೆ. ನಾಲ್ಕಕ್ಕೆ 2.6. ದಹನ ಶಾಸ್ತ್ರ ಎಂದರೆ ಈ ಒಂದು ಭಾಗಾಕಾರ. ಮಿಕ್ಕದ್ದೆಲ್ಲ ಆ ಮೂರೂವರೆಯನ್ನು ಯಾರ ಎಲೆಗೆ ಬಡಿಸಬೇಕೆಂಬ ಜಗಳ.

ಜಗಳದಲ್ಲಿ ಮೊದಲು ಎಲೆ ಹಾಕಿಸಿಕೊಂಡು ಕೂರುವುದು ಓಲಗ. ಸಂಕೋಚಿಸದ ಪಿಸಿಎಂ ಧ್ವನಿಗೆ ಸೆಕೆಂಡಿಗೆ 1,536 ಕಿಲೋಬಿಟ್ ಬೇಕು. ಮೂರು ಗಂಟೆಗೆ ಲೆಕ್ಕ ಹಾಕಿದರೆ ಎರಡು ಜಿಬಿಗಿಂತ ಜಾಸ್ತಿ, ಅಂದರೆ ತಟ್ಟೆಯ ನೂರಕ್ಕೆ 44 ಭಾಗ. ಹಿಂಬದಿಯಲ್ಲಿ ಕುರ್ಚಿ ಎಳೆಯುವ ಸದ್ದು, ‘ಇನ್ನೂ ಕಾಫಿ ಬಂದಿಲ್ಲವಾ?’ ಎಂಬ ಪ್ರಶ್ನೆ, ನಡುವೆ ನಾಗಸ್ವರ: ಇಷ್ಟಕ್ಕೆ ಅರ್ಧದಷ್ಟು ತಟ್ಟೆ ಕೊಡುವುದು ಉದಾರತೆಯೇ ಸರಿ. ಅದನ್ನೇ ಎಸಿ3ಗೆ ಬದಲಿಸಿ 192 ಕಿಲೋಬಿಟ್ಟಿಗೆ ಇಳಿಸಿದರೆ ಎಂಟರಲ್ಲಿ ಒಂದು ಪಾಲು ಸಾಕು. ಕಾಫಿ ಆಗಲೂ ಬಂದಿರುವುದಿಲ್ಲ.

ಎರಡನೇ ಸೂತ್ರ: ಅಕ್ಷತೆ ಬಿದ್ದಲ್ಲಿ ಚಿತ್ರ ಒಡೆಯುವುದು.

ಇದು ಶಾಸ್ತ್ರದ ಹೃದಯ. ಡಿವಿಡಿಯಲ್ಲಿ ಚಿತ್ರವನ್ನು ಹಿಡಿದಿಡುವುದು ಎಂಪೆಗ್-2 ಎಂಬ ಲೆಕ್ಕಿಗ. ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ. ಎಲ್ಲವನ್ನೂ ಪೂರ್ತಿ ಬರೆಯುವಷ್ಟು ದಡ್ಡನಲ್ಲ ಅವನು. ಹನ್ನೆರಡಕ್ಕೋ ಹದಿನೈದಕ್ಕೋ ಒಂದನ್ನು ಪೂರ್ತಿ ಬರೆಯುತ್ತಾನೆ. ಉಳಿದವುಗಳಲ್ಲಿ ಯಾವ ಚೌಕ ಎಲ್ಲಿಗೆ ಸರಿಯಿತು, ಏನು ಬದಲಾಯಿತು ಎಂದಷ್ಟೇ ಟಿಪ್ಪಣಿ. ಪುರೋಹಿತರು ಕದಲದೆ ಕೂತು ಮಂತ್ರ ಹೇಳುತ್ತಿದ್ದರೆ ತಾಲ್ಲೂಕು ಕಚೇರಿಯ ಗುಮಾಸ್ತನಂತೆ ‘ಸದರಿ, ಸದರಿ’ ಎಂದು ಗೀಚಿ ಕಾಲು ಚಾಚುತ್ತಾನೆ.

ಅಷ್ಟರಲ್ಲಿ ಗಟ್ಟಿಮೇಳ. ಅಂತರಪಟ ಸರಿಯುತ್ತದೆ. ಜೀರಿಗೆ ಬೆಲ್ಲ ಹಾರುತ್ತದೆ, ಮುನ್ನೂರು ಕೈಗಳಿಂದ ಅಕ್ಷತೆ ಸುರಿಯುತ್ತದೆ, ಫೋಟೋದವರ ಫ್ಲ್ಯಾಶ್ ಒಂದೊಂದು ಚಿತ್ರವನ್ನೇ ಬೆಳ್ಳಗೆ ಮಾಡಿ ಹೋಗುತ್ತದೆ. ಒಂದೊಂದು ಅಕ್ಕಿ ಕಾಳಿಗೂ ಅದರದೇ ದಾರಿ. ಹಿಂದಿನ ಚಿತ್ರದ ಚೌಕ ಈ ಚಿತ್ರದಲ್ಲಿ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ‘ಸದರಿ’ ಎನ್ನಲು ದಾರಿಯಿಲ್ಲ, ಪೂರ್ತಿ ಬರೆಯಲು ಬಿಟ್ಟಿಲ್ಲ. ಲೆಕ್ಕಿಗ ಸೂಕ್ಷ್ಮವನ್ನೆಲ್ಲ ಎಸೆದು ಎಂಟೆಂಟರ ಚೌಕಗಳನ್ನು ಒರಟಾಗಿ ತುಂಬುತ್ತಾನೆ. ಮದುಮಗಳ ಮುಖ ಚೌಕಾಬಾರದ ಮನೆಗಳಾಗುತ್ತದೆ. ಮೂರು ಗಂಟೆಯಲ್ಲಿ ಮನೆಯವರು ಮತ್ತೆ ಮತ್ತೆ ನೋಡುವ ಒಂದೇ ಒಂದು ನಿಮಿಷ ಯಾವುದೋ, ಹಾಳಾಗುವುದೂ ಅದೇ. ಹಿರಿಯರು ದೃಷ್ಟಿ ತಾಗಿತು ಎನ್ನುತ್ತಾರೆ. ಬಿಟ್‌ರೇಟ್ ತಾಗಲಿಲ್ಲ ಎನ್ನುವುದು ನವ್ಯರ ಪಕ್ಷ.

ಪರಿಹಾರವನ್ನು ಊಟದ ಪಂಕ್ತಿಯಲ್ಲಿ ಹುಡುಕಬೇಕು. ಒಂದೇ ಸಮನಾದ ಬಿಟ್‌ರೇಟ್ ಎಂಬುದು ಪಂಕ್ತಿಭೇದಕ್ಕೆ ಹೆದರುವ ಬಡಿಸುವವನು. ಅಕ್ಷತೆಯ ನಿಮಿಷಕ್ಕೆ ಎಷ್ಟೋ, ಹಿಂದಿನ ಸಂಜೆಯ ಆರತಕ್ಷತೆಗೂ ಅಷ್ಟೇ. ಆರತಕ್ಷತೆ ಎಂದರೇನು? ಹಿಂದೆ ಅಲುಗದ ಪರದೆ, ಮುಂದೆ ಬೊಂಬೆಯಂತೆ ನಿಂತ ಗಂಡು ಹೆಣ್ಣು, ಬಂದು ಕವರು ಕೊಟ್ಟು ಲೈಟಿಗೆ ಕಣ್ಣು ಕಿವುಚಿ ಇಳಿಯುವ ನೆಂಟರು. ಅದರ ಎಲೆಯಲ್ಲಿ ಅನ್ನ ಮಿಕ್ಕಿರುತ್ತದೆ, ಅಕ್ಷತೆಯ ಎಲೆ ಬರಿದು. ಬದಲಾಗುವ ಬಿಟ್‌ರೇಟ್ ಎಲೆ ನೋಡಿ ಬಡಿಸುತ್ತದೆ: ಇಲ್ಲಿ ಎರಡು, ಅಲ್ಲಿ ಎಂಟು, ಸರಾಸರಿ ಮೂರು ಚಿಲ್ಲರೆ. ಇದರಲ್ಲೂ ಉತ್ತಮವಾದದ್ದು ಎರಡು ಸುತ್ತಿನ ಪದ್ಧತಿ. ಮೊದಲ ಸುತ್ತಿನಲ್ಲಿ ಲೆಕ್ಕಿಗ ಬರಿಗೈಯಲ್ಲಿ ಪಂಕ್ತಿಯ ಉದ್ದಕ್ಕೂ ನಡೆದು ಯಾರ ಹಸಿವು ಎಷ್ಟೆಂದು ಗುರುತು ಹಾಕಿಕೊಳ್ಳುತ್ತಾನೆ. ಸೌಟು ಹಿಡಿಯುವುದು ಎರಡನೇ ಸುತ್ತಿಗೆ. ಸಮಯ ಹೆಚ್ಚುಕಮ್ಮಿ ಇಮ್ಮಡಿ. ಅಂದಿನ ಸ್ಟುಡಿಯೊ ಕಂಪ್ಯೂಟರುಗಳು ಇದಕ್ಕೆಂದೇ ರಾತ್ರಿಯಿಡೀ ಗುಂಯ್‌ಗುಡುತ್ತಿದ್ದವು, ಕರೆಂಟು ಹೋಗದೇ ಇದ್ದರೆ.

ಇಲ್ಲಿ ಒಂದು ಪೂರ್ವಪಕ್ಷ. ನಿಧಾನಕ್ಕೆ, 4ಎಕ್ಸ್ ವೇಗದಲ್ಲಿ ಸುಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ, ಸಣ್ಣ ಉರಿಯಲ್ಲಿ ಕುದಿಸಿದ ಸಾರಿನಂತೆ ಎಂಬುದು ಸೋದರಮಾವಂದಿರ ಮತ. ಖಂಡನೆ: ಸುಡುವ ಹೊತ್ತಿಗೆ ಸಾರು ಆಗಿಹೋಗಿದೆ. 650 ನ್ಯಾನೋಮೀಟರಿನ ಕೆಂಪು ಲೇಸರ್ ತಟ್ಟೆಯ ಬಣ್ಣದ ಪದರದ ಮೇಲೆ ಗುರುತು ಹಾಕುತ್ತದೆ ಅಷ್ಟೇ. ಯಾವ ವೇಗದಲ್ಲಿ ಹಾಕಿದರೂ ಬಿಟ್ಟುಗಳು ಅವೇ. ವೇಗ ಅತಿಯಾದರೆ, ಅಥವಾ ತಟ್ಟೆ ಕಳಪೆಯಾದರೆ, ಓದುವಾಗ ತಪ್ಪು ಹೆಚ್ಚಾಗಿ ಪ್ಲೇಯರು ತಡವರಿಸಬಹುದು. ಮುಖ ಚೌಕಾಬಾರವಾಗಲು ಅದು ಕಾರಣವಲ್ಲ.

ದಹನದ ಪ್ರಸ್ತಾಪ ಬಂದಾಗ ನೀರೋನನ್ನು ನೆನೆಯದಿದ್ದರೆ ಪ್ರಬಂಧಕ್ಕೆ ವಿದ್ವತ್ತಿನ ಕಳೆ ಬಾರದು. ಎಷ್ಟೋ ಸ್ಟುಡಿಯೊಗಳಲ್ಲಿ ಇರುತ್ತಿದ್ದ ‘ನೀರೋ ಬರ್ನಿಂಗ್ ರೋಮ್’ ತಂತ್ರಾಂಶದ ಗುರುತು, ಉರಿಯುತ್ತಿರುವ ಕೊಲೋಸಿಯಂ. ರೋಮಿಗೆ ಬೆಂಕಿ ಬಿದ್ದದ್ದು ಕ್ರಿ.ಶ. 64ರಲ್ಲಿ, ಕೊಲೋಸಿಯಂ ಕಟ್ಟಿ ಮುಗಿದದ್ದು 80ರಲ್ಲಿ, ನೀರೋ ಸತ್ತು ಹನ್ನೆರಡು ವರ್ಷದ ಮೇಲೆ. ಮುಹೂರ್ತಕ್ಕೆ ಮೊದಲೇ ಆರತಕ್ಷತೆ ಮುಗಿಸುವ ನಾಡಿನಲ್ಲಿ ಈ ಹಿಂದುಮುಂದನ್ನು ಯಾರೂ ಆಕ್ಷೇಪಿಸಿದಂತಿಲ್ಲ.

ಇನ್ನೊಂದು ಪಕ್ಷದವರು ಹಳೆಯ ವಿಸಿಡಿಯನ್ನು ತಂದು ‘ಇದನ್ನು ಡಿವಿಡಿ ಕ್ವಾಲಿಟಿ ಮಾಡಿಕೊಡಿ’ ಎನ್ನುತ್ತಾರೆ. ವಿಸಿಡಿ ಚಿತ್ರದ ಅಳತೆ 352 ಗುಣಿಸು 288, ಡಿವಿಡಿಯದು 720 ಗುಣಿಸು 576. ಚೊಂಬಿನ ಮಜ್ಜಿಗೆಯನ್ನು ಕೊಡಕ್ಕೆ ಸುರಿದರೆ ಕೊಡ ದೊಡ್ಡದು, ಮಜ್ಜಿಗೆ ಅಷ್ಟೇ. ಅಪ್ಪ ಅಮ್ಮನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟಿಗೂ ಇದೇ ನ್ಯಾಯ, ಆದರೆ ಅಲ್ಲಿ ಒಂದು ಉಪಾಯವಿದೆ. ಅದರಲ್ಲಿರುವ ವಿವರಕ್ಕೆ 352 ಗುಣಿಸು 576ರ ಅರ್ಧ ಅಗಲ ಸಾಕು, ಡಿವಿಡಿ ನಿಯಮವೂ ಅದನ್ನು ಒಪ್ಪುತ್ತದೆ. ಅಗಲ ಅರ್ಧವಾದರೆ ಪ್ರತಿ ಚೌಕಕ್ಕೂ ಬಿಟ್ಟುಗಳು ಹೆಚ್ಚು ಸಿಕ್ಕಿ ಮೂರು ಗಂಟೆ ಹಾಯಾಗಿ ಕೂರುತ್ತದೆ. ಕ್ಯಾಸೆಟ್ಟಿನ ಬಿಳಿ ಚುಕ್ಕೆಗಳನ್ನು ಮೊದಲು ತೊಳೆಯುವುದು ಒಳ್ಳೆಯದು, ಇಲ್ಲವಾದರೆ ಲೆಕ್ಕಿಗ ಅವನ್ನೂ ಅಕ್ಷತೆ ಎಂದೇ ತಿಳಿಯುತ್ತಾನೆ.

ತಟ್ಟೆಗಳಲ್ಲಿ ಡಿವಿಡಿ ಪ್ಲಸ್ ಆರ್, ಡಿವಿಡಿ ಮೈನಸ್ ಆರ್ ಎಂಬ ಎರಡು ಮತಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮೈನಸ್ಸಿನವರದು ಅಡ್ಡನಾಮ ಮಾತ್ರ, ಪ್ಲಸ್ಸಿನವರು ಅಡ್ಡ ಉದ್ದ ಎರಡನ್ನೂ ಎಳೆದವರು. ಚಿತ್ರದಲ್ಲಿ ವ್ಯತ್ಯಾಸವಿಲ್ಲ. ತಟ್ಟೆಯೊಳಗಿನ ‘ಆಡಿಯೊ ಟಿಎಸ್’ ಫೋಲ್ಡರು ಸದಾ ಖಾಲಿ ಏಕೆಂದು ಗಾಬರಿಯಾಗುವವರಿಗೂ ಒಂದು ಮಾತು: ಅದು ಡಿವಿಡಿ-ಆಡಿಯೊ ಎಂಬ ಬಾರದ ಬೀಗರಿಗೆ ಹಾಕಿಟ್ಟ ಎಲೆ. ಓಲಗವೂ ಚಿತ್ರದ ಜೊತೆ ‘ವಿಡಿಯೊ ಟಿಎಸ್’ನಲ್ಲೇ ಇರುತ್ತದೆ.

8.5 ಜಿಬಿಯ ಎರಡು ಪದರದ ತಟ್ಟೆ ತಂದರೆ ಎಲ್ಲ ಜಗಳವೂ ತೀರೀತಲ್ಲ? ತೀರೀತು. ಆದರೆ ಒಂದು ಪದರದಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟೋ ಪ್ಲೇಯರುಗಳು ಕ್ಷಣಕಾಲ ನಿಲ್ಲುತ್ತವೆ. ದಾಟುವ ಜಾಗವನ್ನು ನೋಡಿ ಇಡದಿದ್ದರೆ ಎರಡನೇ ಗಂಟಿಗೂ ಮೂರನೇ ಗಂಟಿಗೂ ನಡುವೆ ಮದುಮಗ ಕೈ ನಡುಗಿಸದೆ ಕಲ್ಲಾಗುತ್ತಾನೆ. ಅದೂ ಅಲ್ಲದೆ ಅಂಥ ಒಂದರ ಬೆಲೆಗೆ ಮಾಮೂಲಿ ತಟ್ಟೆಗಳು ಹಲವು ಬರುತ್ತಿದ್ದವು. ಆರತಕ್ಷತೆಯನ್ನು ಇಪ್ಪತ್ತು ನಿಮಿಷಕ್ಕೆ ಕತ್ತರಿಸೋಣವೆಂದರೆ ಕವರು ಕೊಟ್ಟವರೆಲ್ಲ ಕಾಣಲೇಬೇಕೆಂದು ಬೀಗರ ಹಟ. ಹಾಗಾಗಿ ಸ್ಟುಡಿಯೊಗಳು ಕಂಡುಕೊಂಡದ್ದು ಎರಡು ತಟ್ಟೆಯ ಸಿದ್ಧಾಂತ: ಒಂದರಲ್ಲಿ ಆರತಕ್ಷತೆ, ಇನ್ನೊಂದರಲ್ಲಿ ಧಾರೆ.

ವರ್ಷಗಳು ಕಳೆದ ಮೇಲೆ ಬೀರುವಿನಿಂದ ತೆಗೆದು ತಿರುಗಿಸಿ ನೋಡಿದರೆ ಯಾವುದು ಯಾವುದೆಂದು ಮೇಲಿನ ಬರಹ ಓದದೆಯೇ ತಿಳಿಯುತ್ತದೆ. ಧಾರೆಯ ತಟ್ಟೆಯ ತಳದ ತುಂಬ ಗೀರು. ಆರತಕ್ಷತೆಯದು ಕನ್ನಡಿ. ಮನೆಯ ಮಕ್ಕಳು ಅದನ್ನೇ ಕಿಟಕಿಯ ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಕಾಮನಬಿಲ್ಲು ಕುಣಿಸುತ್ತಾರೆ. ಬಿಸಿಲು ಬಣ್ಣದ ಪದರಕ್ಕೆ ಆಗದು ಎಂದು ಸೋದರಮಾವ ಒಳಗಿನಿಂದ ಕೂಗುತ್ತಾನೆ, ಈ ಸಲ ಸರಿಯಾಗಿಯೇ.