ಕಾರ್ನರ್ ಕಾಕಾ

ಕಾಲೇಜಿನ ಕಬಡ್ಡಿ ತಂಡದಲ್ಲಿ ರೇಡರ್ ಯಾರು ಎಂದು ಕೇಳುವವರು ಗೋಕಾಕದಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. "ಎಡ ಮೂಲ್ಯಾಗ ಯಾಂವ ನಿಂದರತಾನ?" ಎಂದು ಕೇಳುವವರು ಒಬ್ಬರೇ. ಅವರೇ ಕಾರ್ನರ್ ಕಾಕಾ. ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಬಾಕಿನ ತುದಿ ಹಿಡಿದು ಕೂತವರು ಎಂದರೆ ಗುರುತು ಸಿಕ್ಕೀತು. ಕೂಡುವುದೂ ಮೂಲೆಯಲ್ಲೇ. "ನಡುವ ಕೂತಾಂವಗ ಎರಡೂ ಕಡೆ ಹೊಡ್ತ, ತಮ್ಮಾ."

ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಗಳು ಇನ್ನೂ ಎಲ್ಲೋ ಇರುವಾಗಲೇ ಕಾಕಾರ ಡಿಫೆನ್ಸ್ ಪರೀಕ್ಷೆ ಶುರುವಾಗುತ್ತದೆ. ಹುಡುಗರ ಆಟ ನೋಡಿ ಯೋಗ್ಯತೆ ಅಳೆಯುವುದು ಅವರ ಲೆಕ್ಕದಲ್ಲಿ ಕೆಳದರ್ಜೆಯ ವಿದ್ಯೆ. ಹುಡುಗ ಬಸ್ಸು ಹತ್ತುವುದನ್ನು ನೋಡಬೇಕು. ಗದ್ದಲದಲ್ಲಿ ಮೊದಲು ನುಗ್ಗುವವನು ಕಾರ್ನರಿಗೆ ನಾಲಾಯಕ್. ರೇಡರ್ ಬರುವ ಮೊದಲೇ ಹಾರಿ ಅಂಕ ಕೊಟ್ಟು ಬರುತ್ತಾನೆ. ಕೊನೆಗೆ ಹತ್ತುವವನಿಗೆ ಧೈರ್ಯ ಸಾಲದು. ಬಾಗಿಲ ಮಗ್ಗುಲಿಗೆ ಸುಮ್ಮನೆ ನಿಂತು, ಮುಂದಿನವನು ಹಿಂಗಾಲು ಎತ್ತುವುದನ್ನೇ ಕಾಯ್ದು ಒಳಗೆ ಸರಿದು ಸೀಟು ಹಿಡಿದನೋ, ಅವನು ಆಂಕಲ್ ಹೋಲ್ಡ್‌ಗೆಂದೇ ಹುಟ್ಟಿದವನು. ಕವರ್ ಆಡುವವರನ್ನು ಮಾತ್ರ ಕಬ್ಬು ಹೇರುವಲ್ಲಿ ಹೋಗಿ ಆರಿಸಬೇಕಂತೆ. "ಡ್ಯಾಶ್ ಹೊಡಿಯಾಕ ಭುಜ ಬೇಕಪಾ. ಇವರಿಗೆ ಮೊಬೈಲ್ ತಿಕ್ಕೂ ಬೆರಳಷ್ಟ ಅದಾವ."

ಸ್ವತಃ ಆಡಿದ್ದಿರೇ ಎಂದು ಕೇಳಬೇಡಿ. ಪ್ಯಾಂಟು ಮೊಣಕಾಲಿಗೆ ಏರುತ್ತದೆ, ಗಾಯದ ಕಲೆ ಹೊರಬೀಳುತ್ತದೆ, ಅದರ ಕಥೆ ಮುಗಿಯುವ ಹೊತ್ತಿಗೆ ನಿಮ್ಮ ಲೆಕ್ಕದಲ್ಲಿ ಎರಡು ಚಹಾ ಬಿದ್ದಿರುತ್ತವೆ.

ರೇಡರ್‌ಗಳ ಮೇಲೆ ಅವರಿಗೆ ಹಳೆಯ ಸಿಟ್ಟು. ಬರುವವನು ಒಬ್ಬ, ಅವನಿಗಿರುವುದು 30 ಸೆಕೆಂಡು, ಕಾಯುವವರು ಏಳು ಮಂದಿ. ಆದರೂ ಮುಟ್ಟಿ ಓಡಿದನೆಂದರೆ ಚಪ್ಪಾಳೆ ಅವನಿಗೇಕೆ, ಬೈಗುಳ ಏಳು ಮಂದಿಗೆ ಸಲ್ಲಬೇಕಲ್ಲ! 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 38-33ರಿಂದ ಪ್ರೊ ಕಬಡ್ಡಿ ಫೈನಲ್ ಗೆದ್ದದ್ದನ್ನು ಯಾರಾದರೂ ಎತ್ತಬೇಕು. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದನಲ್ಲ ಕಾಕಾ, ಎನ್ನುತ್ತಾರೆ ಹುಡುಗರು.

"ಮೂವತ್ತೆಂಟರಾಗ ಇಪ್ಪತ್ತೆರಡು ಕಳದ್ರ?"

"ಹದಿನಾರ್ರಿ."

"ಆ ಹದಿನಾರು ತಂದವರ ಹೆಸರ ಹೇಳ ನೋಡೂಣು."

ಯಾರಿಗೂ ಬರುವುದಿಲ್ಲ. ಕಾಕಾರಿಗೂ ಬರುವುದಿಲ್ಲ, ಆದರೆ ಪ್ರಶ್ನೆ ಕೇಳಿದವರು ಅವರಲ್ಲವೇ?

ಅವರ ಬಾಯಲ್ಲಿ ಗೌರವದಿಂದ ಬರುವ ಹೆಸರು ಇರಾನಿನ ಫಜಲ್ ಅತ್ರಾಚಲಿಯದು. ಎಡ ಮೂಲೆಯ ಆಟಗಾರ, ಇನ್ನೇನು ಬೇಕು? 2018ರ ಜಕಾರ್ತ ಏಷ್ಯನ್ ಗೇಮ್ಸ್ ಸೆಮಿಫೈನಲ್‌ನಲ್ಲಿ ಭಾರತ ಇರಾನಿಗೆ 18-27ರಿಂದ ಸೋತಾಗ ಚಹಾದಂಗಡಿಯೆಲ್ಲ ಸಪ್ಪಗಾಗಿತ್ತು. ಕಾಕಾರಿಗೆ ಒಳಗೊಳಗೇ ಸಮಾಧಾನ. ದೇಶಾಭಿಮಾನ ಅಡ್ಡ ಬಂದದ್ದರಿಂದ ಕರದಂಟು ಹಂಚಲಿಲ್ಲ, ಅಷ್ಟೇ. ಹಾಗೆ ನೋಡಿದರೆ ಅವರ ವಾದ ಪೂರ್ತಿ ಹುಚ್ಚಲ್ಲ. 2024ರಲ್ಲಿ ಪುಣೇರಿ ಪಲ್ಟನ್ ಪ್ರೊ ಕಬಡ್ಡಿ ಗೆದ್ದಾಗ ತರಬೇತಿ ಕೊಟ್ಟವರು ನಮ್ಮ ಬಿ.ಸಿ. ರಮೇಶ್, ಮೂಲೆಯಲ್ಲಿ ನಿಂತವನು ಮತ್ತೊಬ್ಬ ಇರಾನಿ, ಶಾದ್ಲೂಯಿ. ಹುಚ್ಚು ಇರುವುದು ಮುಂದಿನ ಮಾತಿನಲ್ಲಿ. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೇಡರನನ್ನು ಹಿಡಿದರೆ ಸೂಪರ್ ಟ್ಯಾಕಲ್, ಒಂದರ ಬದಲು ಎರಡು ಅಂಕ. ಆದ್ದರಿಂದ ಮೊದಲೇ ನಾಲ್ವರು ಔಟಾಗಿ ಹೊರಗೆ ಕೂಡುವುದು ತಂಡಕ್ಕೆ ಲಾಭ! ಇದನ್ನು ಕೇಳಿದ ಮೇಲೆ ಕಾಲೇಜಿನ ದೈಹಿಕ ಶಿಕ್ಷಣದ ಸರ್ ಚಹಾಕ್ಕೆ ಬೇರೆ ಅಂಗಡಿ ಹುಡುಕಿಕೊಂಡಿದ್ದಾರೆ.

ಈ ಜಾತಿಯವರು ಗೋಕಾಕದಲ್ಲಷ್ಟೇ ಇಲ್ಲ. ಮೂಡಲಗಿ ಗೋಕಾಕದಿಂದ ಬೇರೆಯಾಗಿ ತಾಲೂಕಾದಾಗ ಜನ ಕಚೇರಿ ಹತ್ತಿರವಾಯಿತೆಂದು ಖುಷಿಪಟ್ಟರು. ನಮ್ಮ ಕಾಕಾ ಮಾತ್ರ ತಲೆಗೆ ಕೈ ಹಚ್ಚಿದರು. "ಲೆಫ್ಟ್ ಕಾರ್ನರ್ ಈ ತಾಲೂಕಿಗೆ, ಲೆಫ್ಟ್ ಕವರ್ ಆ ತಾಲೂಕಿಗೆ. ಇನ್ನ ಚೈನ್ ಹೆಂಗ ಹಿಡಿಯೂದು?" ಮೂಡಲಗಿಯ ಕಾಕಾ ಬಿಡುತ್ತಾರೆಯೇ? "ಹಿಡಿಯೂ ಕೈ ಎರಡೂ ನಮ್ಮವ ಇದ್ದೂ. ಹೆಸರಷ್ಟ ನಿಮ್ಮದಿತ್ತು."

ಹುಕ್ಕೇರಿಯವರ ಗತ್ತೇ ಬೇರೆ. ಹಿಡಕಲ್ ಜಲಾಶಯ ಅವರ ತಾಲೂಕಿನಲ್ಲಿದೆ, ಹೀಗಾಗಿ ತಡೆದು ನಿಲ್ಲಿಸುವ ವಿಷಯದಲ್ಲಿ ಬೇರೆಯವರ ಸಲಹೆ ಬೇಕಿಲ್ಲ. "ಡಿಫೆನ್ಸ್ ಅಂದ್ರ ಡ್ಯಾಮ್ ಇದ್ಧಂಗ್ರಿ. ಗೇಟ್ ಯಾವಾಗ ತಗೀಬೇಕಂತ ನಾವು ಹೇಳಬೇಕು, ನೀರಲ್ಲ." ಹಿಡಕಲ್ಲಿನಿಂದ ನೀರು ಬಿಟ್ಟರೆ ಘಟಪ್ರಭೆ ತುಂಬಿ ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಕೆಳಗೆ ಧುಮುಕುತ್ತದೆ, ನೋಡಲು ಬಂದವರು ಗೋಕಾಕವನ್ನು ಹೊಗಳಿ ಹೋಗುತ್ತಾರೆ. ಹುಕ್ಕೇರಿಯ ಕಾಕಾರಿಗೆ ಇದೂ ಒಂದು ರೇಡರ್ ವ್ಯವಹಾರವೇ: ಹಿಡಿದವರು ಇವರು, ಚಪ್ಪಾಳೆ ಧುಮುಕಿದವರಿಗೆ.

ಈ ಸಲ ಗೋಕಾಕದ ಕಾಕಾ ಕೊಟ್ಟ ತೀರ್ಪು ಹೀಗಿದೆ: ಎಡ ಮೂಲೆ ಗಟ್ಟಿ, ಬಲ ಕವರ್ ಸಡಿಲು, ಬೋನಸ್ ಗೆರೆಯ ಹತ್ತಿರ ಎಲ್ಲರಿಗೂ ನಿದ್ದೆ, ಸೆಮಿಫೈನಲ್ ದಾಟುವ ಮಾತೇ ಇಲ್ಲ. ಕಾಲೇಜಿನಲ್ಲಿ ಮೊದಲ ವರ್ಷದ ಪ್ರವೇಶ ಇನ್ನೂ ನಡೆದಿದೆ. ತಂಡದ ಆಯ್ಕೆ ಅದಾದ ಮೇಲೆ.