ಸುಬೇದಾರ್ ಮಾವನ ಭರ್ತಿ ರ‍್ಯಾಲಿ

ಕೊಡಗಿನ ಯಾವ ಊರಿಗೆ ಹೋದರೂ ಒಬ್ಬರು ರಿಟೈರ್ಡ್ ಸುಬೇದಾರ್ ಸಿಕ್ಕೇ ಸಿಗುತ್ತಾರೆ. ಕೈಯಲ್ಲಿ ಎಚ್‌ಎಂಟಿ ವಾಚು, ಶೆಡ್ಡಿನಲ್ಲಿ ಬಜಾಜ್ ಸ್ಕೂಟರು. ಉಸಿರಾಡುತ್ತಿರುವ ಯಾವ ಯಂತ್ರವನ್ನೂ ಗುಜರಿಗೆ ಕೊಟ್ಟವರಲ್ಲ. ಗಾಳಿಬೀಡಿನ ನಮ್ಮ ಸುಬೇದಾರ್ ಮಾವನ ಪಲ್ಟನ್ನಿನಲ್ಲಿ ಒಂದು ಕಂಪ್ಯೂಟರೂ ಇದೆ. ಪೆಂಟಿಯಂ 4, 512 ಎಂಬಿ ರ‍್ಯಾಮು, ವಿಂಡೋಸ್ ಎಕ್ಸ್‌ಪಿ. ಸ್ವಿಚ್ಚು ಒತ್ತಿ, ಹಂಡೆಗೆ ಸೌದೆ ತುಂಬಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಪರದೆಯ ಮೇಲೆ ಆ ಹಸಿರು ಗುಡ್ಡ ಮೂಡಿರುತ್ತದೆ. ಜಿಲ್ಲೆಯ ಜವಾಹರ್ ನವೋದಯ ವಿದ್ಯಾಲಯ ಇರುವುದು ಇದೇ ಊರಿನಲ್ಲಿ. ಅಲ್ಲಿನ ಮಕ್ಕಳಿಗೆ ಈ ಪೆಟ್ಟಿಗೆ ತೋರಿಸಿದರೆ ಒಂದು ಇತಿಹಾಸದ ಪೀರಿಯಡ್ಡು ಆರಾಮಾಗಿ ಕಳೆಯಬಹುದು.

ಇಷ್ಟೆಲ್ಲ ಯಾತಕ್ಕೆ ಅಂದರೆ, ದಿನಕ್ಕೊಂದು ಅಂಕಿ ಬರೆಯಲು. ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಇಂಚು, ಸೆಂಟಿನ ಲೆಕ್ಕದಲ್ಲಿ ಎಕ್ಸೆಲ್ ಹಾಳೆಗೆ ಏರಿಸಬೇಕು. ಹೊರಗಿನವರಿಗೆ ನಗು ಬರಬಹುದು. ಆದರೆ ಹೂಮಳೆ ಎಷ್ಟು ಸೆಂಟು ಬಿತ್ತು, ಯಾವಾಗ ಬಿತ್ತು ಎನ್ನುವುದರ ಮೇಲೆ ರೊಬಸ್ಟಾ ಫಸಲು ನಿಂತಿದೆ. ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಜರಿದ 2018ರ ಆಗಸ್ಟ್ ತಿಂಗಳ ಹಾಳೆಯೂ ಅದರಲ್ಲೇ ಇದೆ. ಆ ಹಾಳೆ ತೆರೆದರೆ ಮಾವ ತಮಾಷೆ ಮಾಡುವುದಿಲ್ಲ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ಮುಗಿಯಿತು ಎಂದಾಗ ಅವರು ಹೇಳಿದ್ದಿಷ್ಟೇ: “ನನ್ನನ್ನೂ ಪೆನ್ಶನ್ ಕೊಟ್ಟು ಕಳಿಸಿದ್ದಾರೆ. ನಾನೇನು ಮಲಗಿದ್ದೇನಾ?”

ಕೊನೆಗೆ ಪೆನ್ಶನ್ನಿನ ವೆಬ್‌ಸೈಟೇ ಆ ಹಳೇ ಬ್ರೌಸರಿನಲ್ಲಿ ತೆರೆಯದೆ ಹೋದಾಗ ಬುಲಾವ್ ಬಂತು. ನಾನು ಲ್ಯಾಪ್‌ಟಾಪ್ ಹಿಡಿದು ಕುಳಿತೆ. ಮಾವ ಬೆನ್ನು ನೆಟ್ಟಗೆ ಮಾಡಿ, ಕೆಂಪು ಪೆನ್ನು ತೆಗೆದು, ಎಕ್ಸ್‌ಪಿಯ ಜಾಗಕ್ಕೆ ಬೇರೆ ಆಪರೇಟಿಂಗ್ ಸಿಸ್ಟಂ ಹುಡುಕುವ ಭರ್ತಿ ರ‍್ಯಾಲಿ ಶುರು ಮಾಡಿದರು.

ವಿಂಡೋಸ್ 11 ಗೇಟಿನಿಂದಲೇ ವಾಪಸ್. ಕನಿಷ್ಠ 4 ಜಿಬಿ ರ‍್ಯಾಮು ಕೇಳುತ್ತದೆ. “ಅಷ್ಟು ರೇಷನ್ ತಿನ್ನುವವ ಬೇಡ.” ಮಾವನ ಪೆಟ್ಟಿಗೆ 32 ಬಿಟ್‌ನದು; ಲಿನಕ್ಸ್‌ಗಳ ಪೈಕಿ ಉಬುಂಟು 2017ರಲ್ಲೇ 32 ಬಿಟ್ ಡೆಸ್ಕ್‌ಟಾಪ್ ಕೊಡುವುದನ್ನು ನಿಲ್ಲಿಸಿದೆ, ಡೆಬಿಯನ್ನೂ 2025ರಲ್ಲಿ ಅದೇ ದಾರಿ ಹಿಡಿಯಿತು ಎಂದೆ. ಇಬ್ಬರ ಹೆಸರಿಗೂ ಕೆಂಪು ಗೆರೆ. ಟೈನಿ ಕೋರ್ 25 ಎಂಬಿಯೂ ಇಲ್ಲ ಅಂದಾಗ ಮಾವನಿಗೆ ಸಂಶಯ: “ಇಷ್ಟು ಸಪೂರದವ ಬಂದೂಕು ಎತ್ತುತ್ತಾನಾ?” ಪ್ರಶ್ನೆ ಸರಿಯಾಗಿಯೇ ಇತ್ತು. ಎಕ್ಸೆಲ್ ಹಾಳೆ ತೆರೆಯುವ ಸಲಕರಣೆಯನ್ನೂ ಅದರ ಬೆನ್ನಿಗೆ ನಾವೇ ಕಟ್ಟಬೇಕು.

ಆಸ್ಟ್ರೇಲಿಯಾದ ಬ್ಯಾರಿ ಕಾಲರ್ 2003ರಲ್ಲಿ ಶುರು ಮಾಡಿದ ಪಪ್ಪಿ ಲಿನಕ್ಸ್ ಬಹುತೇಕ ಗೆದ್ದಿತ್ತು. ಇಡೀ ವ್ಯವಸ್ಥೆ ರ‍್ಯಾಮಿನಲ್ಲೇ ಕೂತು ಓಡುತ್ತದೆ; ಸಿಡಿ ಹಾಕಿ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ಸೆಲ್ಯೂಟ್ ಹೊಡೆದು ನಿಂತಿತು. ಮಾವನ ಮೀಸೆ ಅರಳಿತು. ಆಗ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು. “ಇದರಲ್ಲಿ ಕೂತವರೆಲ್ಲ ರೂಟ್ ಮಾವ, ಎಲ್ಲ ಅಧಿಕಾರವೂ ಇರುತ್ತೆ” ಎಂದುಬಿಟ್ಟೆ.

“ಬಂದವನಿಗೆಲ್ಲ ಜನರಲ್ ರ‍್ಯಾಂಕಾ? ಅದೆಂಥ ಪಲ್ಟನ್ ಮಾರಾಯ?”

ಪಪ್ಪಿಯನ್ನು ಹೊರಗೆ ಕಳಿಸಿ ಗ್ರೀಸ್ ಕಡೆಯ ಆಂಟಿಎಕ್ಸ್ ಅನ್ನು ಕರೆದೆವು. ಒಳಗೆ ಬಿಡುವ ಮೊದಲೇ ಅದು ಪಾಸ್‌ವರ್ಡ್ ಕೇಳಿತು. “ಸಂತ್ರಿ ಗಟ್ಟಿ ಇದ್ದಾನೆ” ಎಂದು ಅಲ್ಲೇ ಪಾಸ್ ಮಾಡಿದರು. ಮಳೆ ಲೆಕ್ಕ ಸರಿಯಾಗಿ ತೆರೆಯಿತು. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಹಳೇ ಅರ್ಜಿಗಳು ಮಾತ್ರ ಫಾಂಟಿಲ್ಲದೆ ಚೆಲ್ಲಾಪಿಲ್ಲಿ ಇಂಗ್ಲಿಷ್ ಅಕ್ಷರಗಳಾಗಿ ಬಂದವು. ಮಾವ ಕನ್ನಡಕ ಏರಿಸಿ ನೋಡಿ, “ಇರಲಿ ಬಿಡು, ಕೋಡ್ ಭಾಷೆ. ಶತ್ರು ಕೈಗೆ ಸಿಕ್ಕಿದರೂ ಓದಲಿಕ್ಕಾಗುವುದಿಲ್ಲ” ಎಂದರು. ಆದರೂ ಫಾಂಟ್ ತಂದು ಹಾಕಿದೆ. ಎಕ್ಸ್‌ಪಿಯನ್ನು ಅಳಿಸಲು ಮಾತ್ರ ಒಪ್ಪಲಿಲ್ಲ, ಅದೂ ಪಕ್ಕದ ಪಾರ್ಟಿಷನ್ನಿನಲ್ಲಿ ಉಳಿಯಿತು.

ಜೂನ್ ಮಳೆ ಹಿಡಿದ ವಾರವೇ ಫೋನು. ಅತ್ತೆ ಮಾತಾಡಿದರು. ಕಂಪ್ಯೂಟರಿನ ಬಿಸಿಗಾಳಿ ಹೊರಗೆ ಬರುವ ಕಡೆ ಮಾವನ ಕಾಲುಚೀಲ ಒಣಗುವುದಂತೆ, ಪೆಟ್ಟಿಗೆಯ ಮೇಲೆ ಬೆಕ್ಕು ಮಲಗುವುದಂತೆ. ಹೊಸತು ಬಂದ ಮೇಲೆ ಬೆಕ್ಕು ಒಲೆ ಬದಿಗೆ ಹೋಗಿದೆ, ಕಾಲುಚೀಲಕ್ಕೆ ಬೂಸ್ಟು ಹಿಡಿದಿದೆ. ಹಿಂದಿನಿಂದ ಮಾವನ ಗುಡುಗು: “ಇವ ಬೆವರುವುದೇ ಇಲ್ಲ ಮಾರಾಯ!” ಕೆಲಸ ಕಮ್ಮಿಯಾದರೆ ಪ್ರೊಸೆಸರ್ ತಂಪಾಗಿರುತ್ತದೆ, ಅದು ಒಳ್ಳೇದು ಎಂದು ವಿವರಿಸಿದ್ದು ವ್ಯರ್ಥವಾಯಿತು.

ಈಗ ಮಾನಿಟರಿನ ಮೇಲೆ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಫೋಟೋದ ಕೆಳಗೆ, ಕೆಂಪು ಪೆನ್ನಿನಲ್ಲಿ ಬರೆದ ಡ್ಯೂಟಿ ಚಾರ್ಟು ಅಂಟಿದೆ. ಜೂನ್‌ನಿಂದ ಸೆಪ್ಟೆಂಬರ್: ಎಕ್ಸ್‌ಪಿ. ಅಕ್ಟೋಬರ್‌ನಿಂದ ಮೇ: ಆಂಟಿಎಕ್ಸ್. ಪೆನ್ಶನ್ನಿಗೆ ಜೀವಂತ ಇದ್ದೇನೆಂದು ತೋರಿಸಬೇಕಾದ ನವೆಂಬರ್ ಹೇಗೂ ಆಂಟಿಎಕ್ಸ್‌ನ ಪಾಳಿ. ಕೆಳಗೆ ಎರಡು ಗೆರೆ ಎಳೆದು ಬರೆದಿದ್ದಾರೆ: ಇಬ್ಬರಿಗೂ ರಜೆ ಇಲ್ಲ.