ಕ್ರೌನ್-ಪಿನಿಯನ್ ಮುರಿಯುವ ಕ್ರಮ

ಬಳಸುವ ಮುನ್ನ ಓದಿರಿ. ನವಲಗುಂದ, ಕುಂದಗೋಳ ಕಡೆಯ ಎರಿಮಣ್ಣಿನಲ್ಲಿ, ಅದರಲ್ಲೂ ಮಳೆಯಾದ ಮರುದಿನ, ಈ ಕ್ರಮ ಫಲ ಕೊಡುವುದಿಲ್ಲ. ಅಲ್ಲಿ ಎಷ್ಟು ರೇಸ್ ಕೊಟ್ಟರೂ ಗಾಲಿ ಗರಗರ ತಿರುಗಿ, ಅದನ್ನು ತಿರುಗಿಸುವ ಕ್ರೌನ್-ಪಿನಿಯನ್ ಗೇರುಗಳು ಬದುಕಿಕೊಳ್ಳುತ್ತವೆ. ಸರಪಳಿ ಕಟ್ಟಿ ಎಳೆಯುವ ಟ್ರ್ಯಾಕ್ಟರ್ ಜಗ್ಗಾಟಕ್ಕೆ ಗಟ್ಟಿ ನೆಲ ಬೇಕು. ಜಾತ್ರೆಯ ಬಯಲಾದರೆ ನೋಡುವವರೂ ಸಿಗುತ್ತಾರೆ.

ಹಿಂದಿನ ಟೈರಿಗೆ ನೀರು ತುಂಬಿಸಿರಿ. ಸಾಲದೆನಿಸಿದರೆ ಮರಳಿನ ಚೀಲ ಹೇರಿರಿ. ಟೈರು ಜಾರುವುದು ನಿಂತಿತೆಂದರೆ ಅರ್ಧ ಕೆಲಸ ಮುಗಿದಂತೆ. ಜಗ್ಗುವ ಯಂತ್ರದಲ್ಲಿ ಏನಾದರೊಂದು ಜಾರಲೇಬೇಕು. ಟೈರು ಜಾರಿದರೆ ಬರೀ ರಬ್ಬರು ಸವೆಯುತ್ತದೆ, ಕ್ಲಚ್ ಜಾರಿದರೆ ಪ್ಲೇಟ್ ಸುಡುತ್ತದೆ, ಎರಡೂ ಜಾರದಿದ್ದರೆ ಹಲ್ಲು ಮುರಿಯುತ್ತದೆ.

ಕ್ಲಚ್ ವಿಷಯದಲ್ಲಿ ಎರಡು ಪಂಥ. ಅಂಜುಬುರುಕರು ಅರ್ಧ ಕ್ಲಚ್ ಹಿಡಿಯುತ್ತಾರೆ, ಲೈನಿಂಗ್ ಸುಟ್ಟ ವಾಸನೆ ಮೂಗಿಗೆ ಬಡಿದರೂ ಕಾಲು ತೆಗೆಯರು. ಇವರದು ಸಣ್ಣ ಖರ್ಚು. ಆದರೂ ಪ್ಲೇಟ್ ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಸರಿಸಬೇಕಾಗುವುದರಿಂದ ತಕ್ಕಮಟ್ಟಿನ ಸಮಾಧಾನವಿದೆ.

ನಿಜವಾದ ಸಾಧಕರು ಲೋ ಗೇರ್ ಹಾಕಿ, ಪೂರಾ ರೇಸ್ ಏರಿಸಿ, ಪೆಡಲಿನಿಂದ ಕಾಲನ್ನು ಒಮ್ಮೆಗೇ ಎತ್ತುತ್ತಾರೆ. ಎಂಜಿನ್ನಿನ ಶಕ್ತಿಯಷ್ಟೇ ಅಲ್ಲ, ಭರದಿಂದ ತಿರುಗುತ್ತಿರುವ ಫ್ಲೈವ್ಹೀಲ್ ಕೂಡಿಟ್ಟುಕೊಂಡದ್ದೂ ಒಂದೇ ಏಟಿಗೆ ಒಳಗೆ ನುಗ್ಗುತ್ತದೆ. ಗೇರು ದಾಟುತ್ತ ಅದರ ತಿರುಚುಬಲ ಹತ್ತಾರು ಪಟ್ಟಾಗುತ್ತದೆ. ಸರಪಳಿ ಸಡಿಲ ಬಿಟ್ಟಿದ್ದರೆ ಇನ್ನೂ ಉತ್ತಮ, ಜರ್ಕ್ ಚೆನ್ನಾಗಿ ಬೀಳುತ್ತದೆ. ‘ಟಕ್’ ಎಂದರೆ ಪಿನಿಯನ್ನಿನ ಒಂದು ಹಲ್ಲು ಹೋಯಿತು. ಅಲ್ಲಿಗೇ ನಿಲ್ಲಿಸಬೇಡಿರಿ, ಮುರಿದ ತುಂಡು ಉಳಿದ ಹಲ್ಲುಗಳ ನಡುವೆ ಸಿಕ್ಕಿಕೊಂಡು ಬಾಕಿ ಕೆಲಸ ಮುಗಿಸುತ್ತದೆ. ಆಮೇಲೆ ಆಯಿಲ್ ಇಳಿಸಿದಾಗ ಕಬ್ಬಿಣದ ಪುಡಿ ಮಿರಿಮಿರಿ ಮಿಂಚುವುದನ್ನು ಮನೆಯವರಿಗೂ ತೋರಿಸಬಹುದು.

ಅಮೆರಿಕದವರಿಗೆ ಈ ಸುಖ ಕಡಿಮೆ. 1929ರಿಂದ ಜಗ್ಗಾಟ ನಡೆಸುತ್ತಿರುವ ಅವರು 300 ಅಡಿಯ ಓಟದಲ್ಲಿ ಹಿಂದೆ ಎಳೆಯುವ ಸ್ಲೆಡ್ಡಿನ ಭಾರ ಮುಂದೆ ಸರಿಯುತ್ತ ಹೆಚ್ಚುವಂತೆ ಮಾಡಿ, ವೇಗ ಏರಿದಂತೆಲ್ಲ ತಾನೇ ಬಿಗಿಯಾಗುವ ಕ್ಲಚ್ ಕೂರಿಸಿ, ಎಷ್ಟು ಜಾರಬೇಕೆಂಬುದನ್ನು ಮೊದಲೇ ಹೊಂದಿಸಿಡುತ್ತಾರೆ. ನಮ್ಮಲ್ಲಿ ಆ ಲೆಕ್ಕವೆಲ್ಲ ಡ್ರೈವರನ ಎಡಗಾಲಿನ ಜವಾಬ್ದಾರಿ.

ಜಾತ್ರೆಗೆ ಕಾಯಲಾಗದವರು ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಹೇರಿಕೊಂಡು ಹಳಿಯಾಳದ ಕಾರ್ಖಾನೆಯ ದಾರಿ ಹಿಡಿದು, ಏರಿನ ನಡುವೆ ನಿಂತು ಮತ್ತೆ ಹೊರಡಲಿ.

ಸರಪಳಿ ಕಟ್ಟುವಲ್ಲಿ ಮಾತ್ರ ಕುಚೇಷ್ಟೆ ಬೇಡ. ಕೆಳಗಿನ ಡ್ರಾಬಾರ್ ಬಿಟ್ಟು ಮೇಲೆ ಕಟ್ಟಿದರೆ ಮುಂದಿನ ಗಾಲಿ ಎದ್ದು, ಕ್ಲಚ್ ತುಳಿಯಲೂ ಹೊತ್ತು ಸಿಗದೆ, ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಡ್ರೈವರನ ಮೇಲೇ ಬೀಳಬಹುದು. ಪಂಜಾಬಿನಲ್ಲಿ 2023ರ ಅಕ್ಟೋಬರಿನಲ್ಲಿ ಸ್ಟಂಟ್ ಮಾಡುತ್ತಿದ್ದ ಯುವಕನೊಬ್ಬ ತನ್ನದೇ ಟ್ರ್ಯಾಕ್ಟರಿನಡಿ ಸಿಕ್ಕಿ ಸತ್ತ ಮೇಲೆ ಸರ್ಕಾರ ಅಂಥ ಆಟಗಳನ್ನು ನಿಷೇಧಿಸಿತು.

ಇನ್ನು ವಾರಂಟಿ. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ‘ಹೊಲದಾಗ ರಂಟಿ ಹೊಡಿಯಾಕತ್ತಿದ್ನಿರಿ, ತಾನ ಕಟ್ ಆತು’ ಎನ್ನಿರಿ. ಮಿಸ್ತ್ರಿ ಮುರಿದ ಹಲ್ಲನ್ನು ಅಂಗೈಯಲ್ಲಿ ತಿರುವಿ ನೋಡಿ, ‘ಯಾವೂರ ಜಾತ್ರಿರೀ?’ ಎಂದು ಕೇಳಿಯೇ ಕೇಳುತ್ತಾನೆ. ಊರಿನ ಹೆಸರು ಬಾಯಿ ಬಿಡಬೇಡಿರಿ.